ತಿರುಚು ನೆಮ್ಯಾಟಿಕ್ ಕೋಶವನ್ನು ಕಟ್ಟುವ ಕ್ರಮ

ಭೌತವಿಜ್ಞಾನಿಗಳಾದ ಶಾಟ್ ಮತ್ತು ಹೆಲ್ಫ್ರಿಶ್ 1971ರಲ್ಲಿ ಪ್ರಕಟಿಸಿದ ತಿರುಚು ನೆಮ್ಯಾಟಿಕ್ ಕೋಶವು, ಅಂದರೆ ಎರಡು ಗಾಜಿನ ಫಲಕಗಳ ನಡುವೆ ದ್ರವಸ್ಫಟಿಕದ ತೆಳು ಪದರವಿರುವ ಕೋಶವು, ಕ್ಯಾಲ್ಕುಲೇಟರ್ ಮತ್ತು ಕೈಗಡಿಯಾರಗಳ ಪರದೆಗೆ ದಾರಿ ಮಾಡಿಕೊಟ್ಟ ರಚನೆ. ಸಾಧಾರಣ ಪ್ರಯೋಗಾಲಯದಲ್ಲಿಯೂ ಇದನ್ನು ಕಟ್ಟಬಹುದು. ಇದಕ್ಕೆ 5ಸಿಬಿ ಎಂಬ ಸಂಯುಕ್ತ ಸೂಕ್ತ; ಜಾರ್ಜ್ ಗ್ರೇ ಅವರ ತಂಡ 1973ರಲ್ಲಿ ವರದಿ ಮಾಡಿದ ಸಯನೋಬೈಫೀನೈಲ್‌ಗಳ ಗುಂಪಿಗೆ ಸೇರಿದ ಇದು ಸುಮಾರು 24ರಿಂದ 35 ಡಿಗ್ರಿ ಸೆಲ್ಸಿಯಸ್‌ವರೆಗೆ ನೆಮ್ಯಾಟಿಕ್ ಸ್ಥಿತಿಯಲ್ಲಿರುತ್ತದೆ, ಅಂದರೆ ದ್ರವದಂತೆ ಹರಿದರೂ ಅದರ ಉದ್ದನೆಯ ಅಣುಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮುಖಮಾಡಿರುತ್ತವೆ.

ಇಂಡಿಯಮ್ ಟಿನ್ ಆಕ್ಸೈಡ್ ಎಂಬ, ವಿದ್ಯುತ್ ಹರಿಸುವ ಪಾರದರ್ಶಕ ವಸ್ತುವನ್ನು ಲೇಪಿಸಿದ ಎರಡು ಗಾಜಿನ ಫಲಕಗಳನ್ನು ತೆಗೆದುಕೊಂಡು, ಲೇಪನ ಯಾವ ಬದಿಯಲ್ಲಿದೆ ಎಂಬುದನ್ನು ಮಲ್ಟಿಮೀಟರಿನಿಂದ ರೋಧ ಅಳೆದು ಗುರುತಿಸಿಕೊಳ್ಳಬೇಕು. ಮಾರ್ಜಕ, ಶುದ್ಧ ನೀರು ಮತ್ತು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು ಒಣಗಿಸಿದ ಮೇಲೆ, ಲೇಪನವಿರುವ ಬದಿಗೆ ಪಾಲಿವಿನೈಲ್ ಆಲ್ಕೊಹಾಲಿನ ದುರ್ಬಲ ಜಲದ್ರಾವಣವನ್ನು ತೆಳುವಾಗಿ ಹರಡಿ, ಬಿಸಿ ಮಾಡಿ ಒಣಗಿಸಬೇಕು.

ಕೋಶದ ಗುಣಮಟ್ಟವನ್ನು ನಿರ್ಧರಿಸುವುದು ಮುಂದಿನ ಹಂತ. ಒಣಗಿದ ಪದರವನ್ನು ಮಖಮಲ್ ಬಟ್ಟೆಯಿಂದ ಹಗುರವಾದ, ಸಮವಾದ ಒತ್ತಡದಲ್ಲಿ ಒಂದೇ ದಿಕ್ಕಿಗೆ ಉಜ್ಜಬೇಕು. ಹಿಂದಕ್ಕೂ ಮುಂದಕ್ಕೂ ಉಜ್ಜಬಾರದು. ಮೇಲ್ಮೈಗೆ ತಾಗಿದ ಉದ್ದನೆಯ ಅಣುಗಳು ಈ ದಿಕ್ಕನ್ನೇ ಅನುಸರಿಸುತ್ತವೆ, ಉಳಿದ ಅಣುಗಳು ಅವುಗಳನ್ನು ಅನುಸರಿಸುತ್ತವೆ. ಉಜ್ಜಿದ ದಿಕ್ಕನ್ನು ಫಲಕದ ಅಂಚಿನಲ್ಲಿ ತಪ್ಪದೆ ಗುರುತು ಮಾಡಿಡಿ. ಈ ಹಂತಕ್ಕೆ ಎಷ್ಟು ಸಮಯ ಕೊಟ್ಟರೂ ಅದು ವ್ಯರ್ಥವಲ್ಲ.

ಲೇಪಿತ ಬದಿಗಳು ಒಳಮುಖವಾಗಿ, ಉಜ್ಜಿದ ದಿಕ್ಕುಗಳು ಪರಸ್ಪರ ಲಂಬವಾಗಿರುವಂತೆ ಫಲಕಗಳನ್ನು ಜೋಡಿಸಿ, ಸುಮಾರು 10 ಮೈಕ್ರೋಮೀಟರ್ ದಪ್ಪದ ಮೈಲಾರ್ (ಪ್ಲಾಸ್ಟಿಕ್) ಪಟ್ಟಿಗಳನ್ನು ನಡುವೆ ಇಟ್ಟು ಅಂಟಿಸಿ. ತಂತಿ ಜೋಡಿಸಲು ಎರಡೂ ಫಲಕಗಳ ಒಂದೊಂದು ಅಂಚು ಹೊರಚಾಚಿರಲಿ. ಬಳಿಕ ಕೋಶವನ್ನೂ 5ಸಿಬಿಯನ್ನೂ 40 ಡಿಗ್ರಿಗೆ ಬಿಸಿ ಮಾಡಿ, ತೆರೆದ ಅಂಚಿನಲ್ಲಿ ಒಂದು ಹನಿ ಇಟ್ಟರೆ ಲೋಮನಾಳ ಕ್ರಿಯೆಯಿಂದ ಅದು ಒಳಗೆ ತುಂಬಿಕೊಳ್ಳುತ್ತದೆ. ನೆಮ್ಯಾಟಿಕ್ ಸ್ಥಿತಿಯಲ್ಲಿಯೇ ತುಂಬಿದರೆ ಹರಿವಿನ ಗುರುತುಗಳು ಉಳಿಯಬಹುದಾದ್ದರಿಂದ ಬಿಸಿಯಾಗಿಯೇ ತುಂಬಿ, ನಿಧಾನವಾಗಿ ತಣಿಸುವುದು ಒಳ್ಳೆಯದು.

ಪ್ರತಿ ಫಲಕದ ಹೊರಗೆ ಅದರ ಉಜ್ಜಿದ ದಿಕ್ಕಿಗೆ ಸಮಾನಾಂತರವಾಗಿ ಪೋಲರಾಯ್ಡ್ ಹಾಳೆಯನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ) ಇಟ್ಟು ಬೆಳಕಿಗೆ ಹಿಡಿಯಿರಿ. ಒಂದು ಫಲಕದಿಂದ ಇನ್ನೊಂದಕ್ಕೆ ಹೋಗುವಾಗ ಅಣುಗಳ ದಿಕ್ಕು ಕ್ರಮೇಣ ತಿರುಗುತ್ತದೆ; ಈ ತಿರುಚು ಧ್ರುವೀಕೃತ ಬೆಳಕನ್ನು 90 ಡಿಗ್ರಿ ತಿರುಗಿಸುವುದರಿಂದ ಕೋಶ ಬೆಳ್ಳಗೆ ಕಾಣುತ್ತದೆ. 1 ಕಿಲೋಹರ್ಟ್ಸ್‌ನ ಪರ್ಯಾಯ ವೋಲ್ಟೇಜನ್ನು ಕೆಲವು ವೋಲ್ಟ್‌ಗಳವರೆಗೆ ಏರಿಸಿದಾಗ ಅಣುಗಳು ನೆಟ್ಟಗೆ ನಿಂತು ಕೋಶ ಕಪ್ಪಾಗುತ್ತದೆ. ನೇರ ವಿದ್ಯುತ್ತನ್ನು ಬಳಸಬೇಡಿ. ಅಯಾನುಗಳು ವಿದ್ಯುದ್ವಾರಗಳಲ್ಲಿ ಶೇಖರವಾಗಿ ವಸ್ತು ಕೆಡುತ್ತದೆ.

ಗೆರೆಗಳಿಂದ ಬೇರ್ಪಟ್ಟ ತೇಪೆಗಳು ಕಂಡರೆ ತಿರುಚು ಕೆಲವೆಡೆ ಎಡಕ್ಕೂ ಕೆಲವೆಡೆ ಬಲಕ್ಕೂ ಆಗಿದೆ ಎಂದರ್ಥ. ಅತ್ಯಲ್ಪ ಕೈರಲ್ (ಒಂದೇ ಕಡೆಗೆ ತಿರುಚುವ ಅಣುಗಳುಳ್ಳ) ವಸ್ತುವನ್ನು ಬೆರೆಸಿದರೆ ತಿರುಚು ಒಂದೇ ಕಡೆಗೆ ನಿಲ್ಲುತ್ತದೆ. ಪ್ರತಿಕ್ರಿಯೆ ನಿಧಾನವೆನಿಸಿದರೆ ಅಂತರವನ್ನು ಕಡಿಮೆ ಮಾಡಿ, ಏಕೆಂದರೆ ವೋಲ್ಟೇಜ್ ತೆಗೆದ ಮೇಲೆ ಕೋಶ ಮರಳಲು ಬೇಕಾದ ಕಾಲವು ದಪ್ಪದ ವರ್ಗಕ್ಕೆ ಅನುಪಾತದಲ್ಲಿರುತ್ತದೆ.