ಪೇಪರ್ ಅಕ್ಸೆಪ್ಟ್ ಆಯ್ತಾ? ಮೊದಲು ವರ್ಡ್ ಫೈಲ್ ಎತ್ತಿಡಿ

ನಾನು ಯೂನಿವರ್ಸಿಟಿ ಲೈಬ್ರರಿಯಲ್ಲಿ ರೆಪಾಸಿಟರಿ ನೋಡಿಕೊಳ್ಳುತ್ತೇನೆ. ನಮ್ಮವರು ಬರೆದ ಪೇಪರ್‌ಗಳನ್ನು ಯಾರು ಬೇಕಾದರೂ ದುಡ್ಡು ಕೊಡದೆ ಓದುವ ಹಾಗೆ ಆನ್‌ಲೈನ್‌ನಲ್ಲಿ ಇಡುವ ಕೆಲಸ. ಕೌಂಟರಿಗೆ ಬರುವ ಪಿಎಚ್‌ಡಿ ಹುಡುಗರು ಕೇಳುವುದು ಹೆಚ್ಚಾಗಿ ಇದನ್ನೇ: "ಮೇಡಂ, ಓಪನ್ ಆಕ್ಸೆಸ್ ಅಂದ್ರೆ ಜರ್ನಲ್‌ಗೆ ತುಂಬಾ ದುಡ್ಡು ಕಟ್ಬೇಕಲ್ವಾ?"

ಕಟ್ಟಲೇಬೇಕು ಅಂತೇನಿಲ್ಲ. ಜರ್ನಲ್‌ಗೆ ಶುಲ್ಕ ಕಟ್ಟಿ ಪೇಪರನ್ನು ಮುಕ್ತ ಮಾಡಿಸುವುದು ಒಂದು ದಾರಿ. ನಿಮ್ಮ ಪ್ರತಿಯನ್ನು ನೀವೇ ರೆಪಾಸಿಟರಿಗೆ ಹಾಕುವುದು ಇನ್ನೊಂದು. ಎರಡನೆಯದಕ್ಕೆ ಒಂದು ರೂಪಾಯಿಯೂ ಬೇಡ. ಬೆಂಗಳೂರಿನ ಐಐಎಸ್‌ಸಿ 2002ರಿಂದಲೇ ಇದಕ್ಕೆ ರೆಪಾಸಿಟರಿ ನಡೆಸುತ್ತಿದೆ.

ಮೊದಲು ಪ್ರಾಜೆಕ್ಟ್‌ನ ಸ್ಯಾಂಕ್ಷನ್ ಪತ್ರ ತೆಗೆದು ದುಡ್ಡು ಎಲ್ಲಿಂದ ಬಂತು ನೋಡಿ. ಕೇಂದ್ರ ಸರ್ಕಾರದ ಡಿಬಿಟಿ (ಜೈವಿಕ ತಂತ್ರಜ್ಞಾನ ಇಲಾಖೆ) ಅಥವಾ ಡಿಎಸ್‌ಟಿ (ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ) ಆಗಿದ್ದರೆ 2014ರ ಡಿಸೆಂಬರ್‌ನ ಅವರ ಓಪನ್ ಆಕ್ಸೆಸ್ ನೀತಿ ನಿಮಗೆ ಅನ್ವಯಿಸುತ್ತದೆ. ಜರ್ನಲ್ ಒಪ್ಪಿದ ಎರಡು ವಾರದೊಳಗೆ ಪೇಪರಿನ ಅಂತಿಮ ಕರಡನ್ನು ನಿಮ್ಮ ಸಂಸ್ಥೆಯ ರೆಪಾಸಿಟರಿಗೋ ಅವರದೇ ಸೈನ್ಸ್ ಸೆಂಟ್ರಲ್ ರೆಪಾಸಿಟರಿಗೋ ಸೇರಿಸಬೇಕು. ಓದುಗರಿಗೆ ತೆರೆಯುವುದನ್ನು ಜರ್ನಲ್ ತಡೆಹಿಡಿದರೂ ಅದು ಒಂದು ವರ್ಷಕ್ಕಿಂತ ಜಾಸ್ತಿ ಆಗಬಾರದು ಎನ್ನುವುದು ನೀತಿಯ ಆಶಯ. ಗ್ರಾಂಟ್ ನಂಬರನ್ನು ಪೇಪರಿನ ಕೃತಜ್ಞತೆಯ ಸಾಲಿನಲ್ಲೇ ಬರೆದುಬಿಡಿ. ಆಮೇಲೆ ಯಾವ ಪೇಪರ್ ಯಾವ ಪ್ರಾಜೆಕ್ಟಿನದು ಎಂದು ಹುಡುಕುವ ತಲೆನೋವು ತಪ್ಪುತ್ತದೆ.

ಎಲ್ಲರೂ ಎಡವುವುದು ಪ್ರತಿಯ ವಿಷಯದಲ್ಲಿ. ಒಂದೇ ಪೇಪರಿಗೆ ಮೂರು ರೂಪ ಇರುತ್ತದೆ. ನೀವು ಮೊದಲು ಕಳಿಸಿದ್ದು ಒಂದು. ರಿವ್ಯೂವರ್, ಅಂದರೆ ಜರ್ನಲ್ ಪರವಾಗಿ ಪೇಪರ್ ಪರಿಶೀಲಿಸುವ ತಜ್ಞರು, ಹೇಳಿದ್ದನ್ನೆಲ್ಲ ತಿದ್ದಿ, ಸಂಪಾದಕರು ಒಪ್ಪಿದ್ದು ಇನ್ನೊಂದು. ಜರ್ನಲ್ ತನ್ನ ಲೋಗೊ, ಎರಡು ಕಾಲಂ, ಪುಟಸಂಖ್ಯೆ ಹಾಕಿ ಪ್ರಕಟಿಸಿದ್ದು ಮೂರನೆಯದು. ನಮಗೆ ಬೇಕಾಗಿರುವುದು ನಡುವಿನದು. ಜನ ತಂದುಕೊಡುವುದು ಮಾತ್ರ ಮೂರನೆಯದು, ನೋಡೋಕೆ ಚೆನ್ನಾಗಿರುತ್ತದಲ್ಲ! ಆದರೆ ಚಂದಾ ಜರ್ನಲ್‌ಗಳು ಆ ಪಿಡಿಎಫ್ ಹಾಕಲು ಸಾಮಾನ್ಯವಾಗಿ ಬಿಡುವುದಿಲ್ಲ. ನಡುವಿನದು ನೋಡಲು ಸಪ್ಪೆ. ಸಾಲುಗಳ ನಡುವೆ ದೊಡ್ಡ ಅಂತರ, ಅಂಚಿನಲ್ಲಿ ಸಾಲಿನ ನಂಬರ್, ಚಿತ್ರಗಳೆಲ್ಲ ಕೊನೆಯಲ್ಲಿ, ಫೈಲ್ ಹೆಸರು "ಫೈನಲ್ ರಿವೈಸ್ಡ್ ನ್ಯೂ 2". ಅದೇ ಸರಿಯಾದದ್ದು. ಅಕ್ಸೆಪ್ಟೆನ್ಸ್ ಮೇಲ್ ಬಂದ ದಿನವೇ ಆ ಫೈಲನ್ನು ಬೇರೆ ಫೋಲ್ಡರಿಗೆ ಹಾಕಿ, ಜೊತೆಗೆ ಆ ಮೇಲನ್ನೂ ಪಿಡಿಎಫ್ ಮಾಡಿ ಇಡಿ. ತಾರೀಖಿಗೆ ಅದೇ ಸಾಕ್ಷಿ.

ಇನ್ನು ಜರ್ನಲ್ ಏನು ಬಿಡುತ್ತದೆ ಎನ್ನುವುದು. ಓಪನ್ ಪಾಲಿಸಿ ಫೈಂಡರ್ ಎಂಬ ತಾಣಕ್ಕೆ ಹೋಗಿ, ಮೊದಲು ಶೆರ್ಪಾ ರೋಮಿಯೊ ಎನ್ನುತ್ತಿದ್ದರು. ಜರ್ನಲ್ ಹೆಸರಿಗಿಂತ ಪ್ರತಿ ಜರ್ನಲ್‌ಗೂ ಬೇರೆಯಾಗಿ ಇರುವ ಐಎಸ್‌ಎಸ್‌ಎನ್ ನಂಬರ್ ಹಾಕುವುದು ವಾಸಿ, ಒಂದೇ ಥರದ ಹೆಸರಿನ ಜರ್ನಲ್‌ಗಳು ಬೇಕಾದಷ್ಟಿವೆ. ಯಾವ ಪ್ರತಿ, ಎಲ್ಲಿ ಹಾಕಬಹುದು, ಎಷ್ಟು ತಿಂಗಳ ಎಂಬಾರ್ಗೋ (ಓದುಗರಿಗೆ ತೆರೆಯದೆ ತಡೆಹಿಡಿಯುವ ಅವಧಿ), ಎಲ್ಲ ಅಲ್ಲೇ ಇರುತ್ತದೆ. ಎಂಬಾರ್ಗೋ 12 ತಿಂಗಳು ಅಂತ ಇದ್ದರೆ ಒಂದು ವರ್ಷ ಕಾದು ನಮ್ಮ ಹತ್ತಿರ ಬರಬೇಡಿ. ಈಗಲೇ ಹಾಕಿ, ತೆರೆಯುವ ತಾರೀಖು ನಮೂದಿಸಿ. ಆ ದಿನ ಸಿಸ್ಟಮ್ಮೇ ತೆರೆಯುತ್ತದೆ. ಅಲ್ಲಿಯವರೆಗೆ ಶೀರ್ಷಿಕೆ, ಸಾರಾಂಶ ಕಾಣುತ್ತವೆ. ಹೆಚ್ಚಿನ ರೆಪಾಸಿಟರಿಗಳಲ್ಲಿ ಪ್ರತಿ ಕೇಳುವ ಬಟನ್ ಕೂಡ ಇರುತ್ತದೆ. ಯಾರಾದರೂ ಒತ್ತಿದರೆ ನಿಮಗೆ ಮೇಲ್ ಬರುತ್ತದೆ, ಕಳಿಸುವುದು ಬಿಡುವುದು ನಿಮಗೆ ಬಿಟ್ಟಿದ್ದು.

"ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಬಂತಲ್ಲ, ಇನ್ನು ಇದೆಲ್ಲ ಯಾಕೆ?" ಅಂತ ಕೇಳುವವರಿದ್ದಾರೆ. ಅದು ದೇಶಕ್ಕೆಲ್ಲ ಸೇರಿ ಜರ್ನಲ್‌ಗಳಿಗೆ ಚಂದಾ ಕಟ್ಟುವ ಕೇಂದ್ರ ಸರ್ಕಾರದ ಯೋಜನೆ. 2025ರ ಜನವರಿಯಿಂದ ಅದರಲ್ಲಿ ಸುಮಾರು 13,000 ಜರ್ನಲ್‌ಗಳು ಸಿಗುತ್ತಿವೆ, ಒಳ್ಳೆಯದೇ. ಆದರೆ ಅದು ಸರ್ಕಾರಿ ವಿದ್ಯಾಸಂಸ್ಥೆ, ಸಂಶೋಧನಾ ಸಂಸ್ಥೆಗಳ ಒಳಗಿನವರಿಗೆ ಓದುವ ಸೌಲಭ್ಯ. ಊರಿನ ಕ್ಲಿನಿಕ್ ಡಾಕ್ಟರಿಗೆ, ಕೆಲಸ ಹುಡುಕುತ್ತಿರುವ ಎಂಎಸ್ಸಿ ಹುಡುಗಿಗೆ ನಿಮ್ಮ ಪೇಪರ್ ಆಗಲೂ ಬೀಗ ಹಾಕಿಯೇ ಇರುತ್ತದೆ.

ಪಿಎಚ್‌ಡಿ ಪ್ರಬಂಧದ ಲೆಕ್ಕ ಬೇರೆ. ಅದು ಶೋಧಗಂಗಾಕ್ಕೆ ಹೋಗುತ್ತದೆ, ಗಾಂಧಿನಗರದಲ್ಲಿರುವ ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಪ್ರಬಂಧಗಳ ಭಂಡಾರ. ಪೇಪರನ್ನು ಅಲ್ಲಿಗೆ ಹಾಕಲು ಬರುವುದಿಲ್ಲ. ಇಡೀ ಪ್ರಬಂಧವನ್ನು ಒಂದೇ ಪಿಡಿಎಫ್ ಮಾಡಿ ತರಬೇಡಿ. ಮುಖಪುಟ, ಪ್ರಮಾಣಪತ್ರ, ಒಂದೊಂದು ಅಧ್ಯಾಯ, ಗ್ರಂಥಸೂಚಿ, ಎಲ್ಲ ಬೇರೆ ಬೇರೆ ಫೈಲ್ ಆಗಿರಬೇಕು. ಹೆಸರಿನ ಮುಂದೆ 01, 02 ಎಂದು ಕ್ರಮಸಂಖ್ಯೆ ಇರಲಿ.

ಕನ್ನಡದಲ್ಲಿ ಪ್ರಬಂಧ ಬರೆದವರು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರೆ ಪರದೆಯ ಮೇಲೆ ಕನ್ನಡ ಚೆನ್ನಾಗಿಯೇ ಕಾಣುತ್ತದೆ. ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ಮೊಬೈಲಿನಲ್ಲಿ ಪೇಸ್ಟ್ ಮಾಡಿ ನೋಡಿ. ಕನ್ನಡದ ಬದಲು ಕೊಂಬು, ಚುಕ್ಕೆ ಹಚ್ಚಿದ ಇಂಗ್ಲಿಷ್ ಅಕ್ಷರಗಳ ರಾಶಿ ಬಂದರೆ ಹುಡುಕುವವರಿಗೆ ನಿಮ್ಮ ಪ್ರಬಂಧ ಇದ್ದೂ ಇಲ್ಲದ ಹಾಗೆ. ವಚನಗಳ ಮೇಲೆ ಎಷ್ಟೇ ಒಳ್ಳೆಯ ಕೆಲಸ ಮಾಡಿದ್ದರೂ "ವಚನ" ಅಂತ ಹುಡುಕಿದರೆ ಒಳಗಿನ ಒಂದು ಪುಟವೂ ಸಿಗುವುದಿಲ್ಲ. ಪಿಡಿಎಫ್ ಮಾಡುವ ಮೊದಲೇ ಯೂನಿಕೋಡ್‌ಗೆ (ಯಾವ ಸಾಧನದಲ್ಲೂ ಕನ್ನಡವಾಗಿಯೇ ಉಳಿಯುವ ಅಕ್ಷರ ಸಂಕೇತಕ್ಕೆ) ಬದಲಾಯಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ತಿದ್ದಿ. ಡಿಟಿಪಿ ಅಂಗಡಿಯವರಿಗೆ ಮೊದಲ ದಿನವೇ ಯೂನಿಕೋಡ್ ಬೇಕು ಅಂತ ಹೇಳಿದರೆ ಈ ಒದ್ದಾಟವೇ ಇಲ್ಲ.

ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ದುಡ್ಡಿನಲ್ಲಿ ಕೆಲಸ ಮಾಡುವ ನಮ್ಮ ಪೋಸ್ಟ್‌ಡಾಕ್‌ಗಳಿಗೆ ಒಂದು ಮಾತು. 2025ರ ಜುಲೈ 1ರಿಂದ ಒಪ್ಪಿಗೆಯಾದ ಪೇಪರ್‌ಗಳಿಗೆ ಅಲ್ಲಿ ಎಂಬಾರ್ಗೋ ಇಲ್ಲ. ಒಪ್ಪಿದ ಪ್ರತಿ ಅಲ್ಲಿನ ಉಚಿತ ರೆಪಾಸಿಟರಿ ಪಬ್‌ಮೆಡ್ ಸೆಂಟ್ರಲ್‌ಗೆ ಹೋಗಿ, ಪ್ರಕಟವಾದ ದಿನವೇ ತೆರೆಯಬೇಕು. ಇಲ್ಲಿನ ಗೈಡ್ ಜೊತೆ ಸೇರಿ ಬರೆಯುತ್ತಿದ್ದರೆ ಅವರಿಗೂ ಮೊದಲೇ ತಿಳಿಸಿ.

ವರ್ಡ್ ಫೈಲ್ ಕಳೆದೇ ಹೋಗಿದೆ, ಲ್ಯಾಪ್‌ಟಾಪ್ ಕೆಟ್ಟಿದೆ ಅಂದರೆ ಮೊದಲು ಜರ್ನಲ್‌ನ ಸಬ್ಮಿಷನ್ ಪುಟಕ್ಕೆ ಹಳೆಯ ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ. ಕೊನೆಯ ರಿವಿಜನ್‌ಗೆ ನೀವು ಹಾಕಿದ ಫೈಲ್ ಬಹಳಷ್ಟು ಸಲ ಅಲ್ಲಿ ಹಾಗೇ ಬಿದ್ದಿರುತ್ತದೆ. ಇಲ್ಲವಾದರೆ ಪೇಪರ್ ಕಳಿಸಿದ ಸಹಲೇಖಕರನ್ನು ಕೇಳಿ, ಅವರ ಮೇಲ್‌ನಲ್ಲಾದರೂ ಇದ್ದೀತು.