ಮಲೆನಾಡಿನ ಮನೆಗೆ ಹೊಸ ಕಾಂಕ್ರೀಟ್ ದಾರಿ
ಆಗುಂಬೆ, ಹೊಸನಗರದ ಕಡೆ ಗೇಟಿನಿಂದ ಅಂಗಳದವರೆಗಿನ ಕಾಂಕ್ರೀಟ್ ದಾರಿ ಒಡೆಯುವುದು ಹೆಚ್ಚಾಗಿ ಅಡಿಯ ಮಣ್ಣು ನೀರು ಕುಡಿದು ಕುಸಿಯುವುದರಿಂದ. ಬಿರುಕಿಗೆ ಸಿಮೆಂಟ್ ಮೆತ್ತುವುದು ದುಡ್ಡು ದಂಡ. ಮಳೆ ಪೂರ್ತಿ ಹಿಂದೆಗೆದ ಮೇಲೆ ಹಳೆಯದನ್ನು ಕಿತ್ತು, ಮೆತ್ತಗಿನ ಮಣ್ಣು ತೆಗೆದು, 6 ಇಂಚು ಜಲ್ಲಿ ಹರಡಿ, ನೀರು ಚಿಮುಕಿಸಿ ದಮ್ಮಸ್ಸು ಮಾಡಬೇಕು. ಹಿಮ್ಮಡಿ ಊರಿದರೆ ಗುರುತು ಬೀಳುವಂತಿದ್ದರೆ ಅದು ಇನ್ನೂ ಸಾಲದು. ಕಾರಿಗೆ 5 ಇಂಚು ದಪ್ಪ, 1:1.5:3 ಮಿಶ್ರಣ (ಸಿಮೆಂಟ್, ಮರಳು, ಜಲ್ಲಿ) ಸಾಕು. ಕಲಸಲು ಸುಲಭವೆಂದು ನೀರು ಹೆಚ್ಚು ಸುರಿಯದಂತೆ ಎದುರಿಗೇ ನಿಂತು ನೋಡಿಕೊಳ್ಳಿ. 10 ಅಡಿಗೊಂದು ಜಾಯಿಂಟ್ (ಅಡ್ಡ ಸಂದು) ಬಿಡಿಸಿ, ಚರಂಡಿಯ ಕಡೆಗೆ 50 ಅಡಿಗೆ 1 ಅಡಿಯಂತೆ ಇಳಿಜಾರು ಕೊಡಿಸಿ. ಮೇಲ್ಮೈಯನ್ನು ನುಣುಪು ಮಾಡಿಸದೆ, ಹಸಿಯಿರುವಾಗಲೇ ಕಡ್ಡಿ ಪೊರಕೆಯಿಂದ ಅಡ್ಡಗೆರೆ ಎಳೆಸಿ. ಆಷಾಢದಲ್ಲಿ ಪಾಚಿ ಕಟ್ಟಿದಾಗ ಟೈರಿಗೂ ಕಾಲಿಗೂ ಹಿಡಿತ ಸಿಗುವುದು ಅದರಿಂದಲೇ. ಬಳಿಕ 14 ದಿನ ಒದ್ದೆ ಗೋಣಿಚೀಲ ಹೊದಿಸಿಡಿ.