ತೋಟೆಗಳ ಅಭಾವದ ಕಾಲದಲ್ಲಿ ಮನೆಯಲ್ಲೇ ಮರುಭರ್ತಿ: ಹೊಸಬರು ತಿಳಿದಿರಬೇಕಾದದ್ದು

ಅಂಗಡಿಗಳಲ್ಲಿ ತೋಟೆಗಳು ಸಿಗದಾದಾಗ, ಹಾರಿಸಿದ ತೋಟೆಗಳ ಖಾಲಿ ಲೋಹದ ಕವಚಗಳನ್ನು, ಅಂದರೆ ಕೇಸುಗಳನ್ನು, ಮನೆಯಲ್ಲೇ ಮರುಭರ್ತಿ ಮಾಡಿಕೊಳ್ಳುವ ಯೋಚನೆ ಬಂದೂಕಿನ ಪರವಾನಗಿ ಉಳ್ಳವರಿಗೆ ಸಹಜವಾಗಿಯೇ ಬರುತ್ತದೆ. ಕೆಲವು ದೇಶಗಳಲ್ಲಿ ಇದು ಮುಕ್ತ ಹವ್ಯಾಸ, ಕೆಲವೆಡೆ ಪ್ರತ್ಯೇಕ ಅನುಮತಿ ಬೇಕು, ಇನ್ನು ಕೆಲವೆಡೆ ಶಿಕ್ಷಾರ್ಹ ಅಪರಾಧ. ತಾವಿರುವಲ್ಲಿನ ಕಾನೂನನ್ನು ಖಚಿತಪಡಿಸಿಕೊಳ್ಳದೆ ಒಂದು ಸಲಕರಣೆಯನ್ನೂ ಕೊಳ್ಳಬಾರದು.

ತೋಟೆಯಲ್ಲಿ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕೇಸು, ಹೊಡೆತಕ್ಕೆ ಕಿಡಿ ಹೊತ್ತಿಸುವ ಪ್ರೈಮರ್, ಉರಿದು ಒತ್ತಡ ಹುಟ್ಟಿಸುವ ಮದ್ದು ಮತ್ತು ನಳಿಗೆಯಿಂದ ಹಾರಿಹೋಗುವ ಗುಂಡು. ಇವುಗಳಲ್ಲಿ ಮತ್ತೆ ಬಳಕೆಗೆ ಬರುವುದು ಕೇಸು ಮಾತ್ರ. ಉಳಿದ ಮೂರೂ ಪ್ರತಿ ಸಲ ಹೊಸದಾಗಿ ಬೇಕು. ಮದ್ದನ್ನು ಗ್ರೇನ್ ಎಂಬ ಚಿಕ್ಕ ತೂಕದಲ್ಲಿ ಅಳೆಯುತ್ತಾರೆ; ಒಂದು ಪೌಂಡ್ ಮದ್ದೆಂದರೆ 7000 ಗ್ರೇನ್. ತೋಟೆಗೆ 5 ಗ್ರೇನ್ ಬೇಕಾದರೆ ಅದು 1400 ತೋಟೆಗಳಿಗೆ ಸಾಲುತ್ತದೆ, 45 ಗ್ರೇನ್ ಬೇಡುವ ರೈಫಲ್ ತೋಟೆಯಾದರೆ ಸುಮಾರು 155ಕ್ಕೆ. ಪ್ರೈಮರ್ ಮಾತ್ರ ತೋಟೆಗೊಂದರಂತೆ ಬೇಕೇ ಬೇಕು, ಮತ್ತು ಅಭಾವ ಬಂದಾಗ ಮೊದಲು ಮಾಯವಾಗುವ ವಸ್ತುಗಳಲ್ಲಿ ಅದೂ ಒಂದು. ಆದುದರಿಂದ ಮರುಭರ್ತಿಯ ಸನ್ನೆಯಂತ್ರವಾದ ಪ್ರೆಸ್ ಕೊಳ್ಳುವ ಮೊದಲು ಪ್ರೈಮರ್ ಸಿಗುತ್ತದೆಯೇ ಎಂದು ವಿಚಾರಿಸಿಕೊಳ್ಳುವುದು ಜಾಣತನ.

ಅದಕ್ಕೂ ಮೊದಲು ಕೈಯಲ್ಲಿರಬೇಕಾದದ್ದು ಮದ್ದು ಅಥವಾ ಗುಂಡಿನ ತಯಾರಕರು ಪ್ರಕಟಿಸುವ ಇತ್ತೀಚಿನ ಕೈಪಿಡಿ. ಯಾವ ಗುಂಡಿಗೆ ಯಾವ ಮದ್ದು, ಎಷ್ಟರಿಂದ ಆರಂಭಿಸಬೇಕು, ಎಷ್ಟನ್ನು ಮೀರಬಾರದು ಎಂಬುದೆಲ್ಲ ಅಲ್ಲಿರುತ್ತದೆ. ಅಭಾವದ ಕಾಲದ ನಿಜವಾದ ಅಪಾಯ ಇರುವುದು ಇಲ್ಲಿಯೇ: ಕೈಪಿಡಿ ಹೇಳಿದ ಮದ್ದು ಸಿಗದೆ ಬೇರೊಂದು ಸಿಕ್ಕಾಗ, ಹೆಸರಿನಲ್ಲಿ ಒಂದೇ ಸಂಖ್ಯೆ ಇದೆಯಲ್ಲ ಎಂದು ಅದನ್ನೇ ಅಷ್ಟೇ ತೂಕಕ್ಕೆ ಹಾಕಿಬಿಡುವ ಆಸೆ. ಎಚ್4350 ಮತ್ತು ಐಎಂಆರ್4350 ಬೇರೆ ಬೇರೆ ಮದ್ದುಗಳು. ಒಂದರ ಅಳತೆ ಇನ್ನೊಂದಕ್ಕೆ ಸಲ್ಲದು. ಪ್ರೈಮರ್‌ಗಳಿಗೂ ಇದೇ ಮಾತು. ಪಿಸ್ತೂಲಿನದ್ದನ್ನು ರೈಫಲ್ ಕೇಸಿಗೆ ಕೂರಿಸುವಂತಿಲ್ಲ. ಸರಿಯಾದದ್ದು ಸಿಗದಿದ್ದರೆ ಆ ವಾರ ಪ್ರೆಸ್ಸಿಗೆ ರಜೆ ಕೊಡುವುದೇ ಸರಿ.

ಸಲಕರಣೆಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಸನ್ನೆಯನ್ನು ಒಮ್ಮೆ ಎಳೆದರೆ ಒಂದೇ ಕೆಲಸ ಮಾಡುವ ಸಾದಾ ಪ್ರೆಸ್, ಪ್ರೆಸ್ಸಿಗೆ ಅಳವಡಿಸುವ, ತಮ್ಮ ತೋಟೆಗೆ ಹೊಂದುವ ಡೈಗಳು (ಅಚ್ಚುಗಳು), ಕೇಸಿನ ಬುಡವನ್ನು ಹಿಡಿದಿಡುವ ಶೆಲ್ ಹೋಲ್ಡರ್, ನಂಬಿಕಸ್ಥ ತಕ್ಕಡಿ, ಉದ್ದ ಅಳೆಯುವ ಕ್ಯಾಲಿಪರ್, ಕೇಸುಗಳನ್ನು ನಿಲ್ಲಿಸುವ ಹಲಗೆ ಮತ್ತು ರಕ್ಷಣಾ ಕನ್ನಡಕ ಇದ್ದರೆ ಆರಂಭಕ್ಕೆ ಸಾಕು. ವೇಗದ ಯಂತ್ರಗಳು ಹೊಸಬರ ಕೈಯಲ್ಲಿ ತಪ್ಪುಗಳನ್ನೂ ಅಷ್ಟೇ ವೇಗವಾಗಿ ಮಾಡುತ್ತವೆ.

ಮೊದಲ ಕೆಲಸ ಕೇಸುಗಳ ತಪಾಸಣೆ. ಬಾಯಿ ಸೀಳಿದ್ದರೆ ಎಸೆಯಿರಿ. ರೈಫಲ್ ಕೇಸಿನ ಬುಡದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರದಂಥ ಗೆರೆ ಕಂಡರೆ, ಒಳಗೆ ಲೋಹ ತೆಳುವಾಗಿ ಅಲ್ಲಿಯೇ ತುಂಡಾಗಲು ಸಿದ್ಧವಾಗಿದೆ ಎಂದರ್ಥ. ತಂತಿಯ ತುದಿಯನ್ನು ಬಗ್ಗಿಸಿ ಒಳಗೋಡೆಯ ಮೇಲೆ ಎಳೆದರೆ ಆ ತಗ್ಗು ಬೆರಳಿಗೆ ತಿಳಿಯುತ್ತದೆ. ಕೇಸಿನೊಳಗೆ ತಳದ ನಡುವೆ ಒಂದೇ ರಂಧ್ರವಿದ್ದರೆ ಅದು ಬಾಕ್ಸರ್ ಮಾದರಿಯ ಕೇಸು. ಎರಡು ಪುಟ್ಟ ರಂಧ್ರಗಳಿದ್ದರೆ ಬರ್ಡನ್ ಮಾದರಿ, ಅದರ ಮೇಲೆ ಸಾಮಾನ್ಯ ಡೈ ಬಳಸಿದರೆ ಹಳೆಯ ಪ್ರೈಮರ್ ಕೀಳುವ ಅದರ ಸೂಜಿ ಮುರಿಯಬಹುದು. ಮುಂದಿನ ಹಂತದಲ್ಲಿ ಡೈ ಹಳೆಯ ಪ್ರೈಮರನ್ನು ಕಿತ್ತು ಕೇಸನ್ನು ಮೂಲ ಅಳತೆಗೆ ತರುತ್ತದೆ. ಕುತ್ತಿಗೆ ಕಿರಿದಾದ ಕೇಸುಗಳಿಗೆ ಮೊದಲೇ ಲೂಬ್ (ಜಾರುಕ) ಹಚ್ಚದಿದ್ದರೆ ಅವು ಡೈಯೊಳಗೇ ಸಿಕ್ಕಿಕೊಳ್ಳುತ್ತವೆ. ಹೊಸ ಪ್ರೈಮರ್ ಕೇಸಿನ ಬುಡದ ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗೆ ಕೂತಿರಬೇಕು.

ಮದ್ದು ಹಾಕುವಾಗ ಮೇಜಿನ ಮೇಲೆ ಒಂದೇ ಡಬ್ಬಿ ಇರಲಿ. ಕೈಪಿಡಿಯ ಆರಂಭಿಕ ಅಳತೆಯಿಂದಲೇ ಶುರು ಮಾಡಿ, ಅದಕ್ಕಿಂತ ಕಡಿಮೆಗೂ ಇಳಿಯಬೇಡಿ. ಬೇಗ ಉರಿಯುವ ಪಿಸ್ತೂಲ್ ಮದ್ದು ಅನೇಕ ಕೇಸುಗಳಲ್ಲಿ ಅರ್ಧವನ್ನೂ ತುಂಬುವುದಿಲ್ಲವಾದ್ದರಿಂದ, ಒಂದೇ ಕೇಸಿಗೆ ಎರಡು ಸಲ ಬಿದ್ದರೂ ಹೊರಗೆ ಚೆಲ್ಲದೆ ಅಡಗಿ ಕೂರುತ್ತದೆ. ಆ ತೋಟೆ ಬಂದೂಕನ್ನೇ ಸಿಡಿಸಬಲ್ಲದು. ಮದ್ದೇ ಬೀಳದ ಕೇಸು ಬೇರೊಂದು ರೀತಿಯಲ್ಲಿ ಅಪಾಯಕಾರಿ: ಪ್ರೈಮರಿನ ಬಲಕ್ಕೆ ಗುಂಡು ನಳಿಗೆಯ ನಡುವೆ ಸಿಲುಕಿಕೊಳ್ಳುತ್ತದೆ, ಅದರ ಹಿಂದೆ ಮತ್ತೊಂದನ್ನು ಹಾರಿಸಿದರೆ ನಳಿಗೆ ಬಿರಿಯಬಹುದು. ಆದುದರಿಂದ ಕೇಸುಗಳನ್ನೆಲ್ಲ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ಟಾರ್ಚ್ ಹಾಯಿಸಿ ಪ್ರತಿಯೊಂದರೊಳಗೂ ಮದ್ದಿನ ಮಟ್ಟ ಒಂದೇ ಇದೆಯೇ ಎಂದು ನೋಡಬೇಕು. ಆಗ ಯಾರಾದರೂ ಮಾತನಾಡಿಸಿದರೆ ಉತ್ತರ ಕೊಡದಿದ್ದರೂ ತಪ್ಪಿಲ್ಲ.

ಗುಂಡು ಕೂರಿಸಿದ ಮೇಲೆ ಒಟ್ಟು ಉದ್ದವನ್ನು ಕ್ಯಾಲಿಪರಿನಿಂದ ಅಳೆಯಿರಿ. ಪಿಸ್ತೂಲ್ ತೋಟೆಯಲ್ಲಿ ಗುಂಡು ಹೆಚ್ಚು ಆಳಕ್ಕೆ ಇಳಿದರೆ ಒತ್ತಡ ಏರುತ್ತದೆ. ಮದ್ದನ್ನೂ ಪ್ರೈಮರನ್ನೂ ತಯಾರಕರ ಮೂಲ ಡಬ್ಬಿಗಳಲ್ಲೇ, ತಂಪಾದ ಒಣ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಬೇಕು. ಹಾರಿಸಿದ ಪ್ರೈಮರಿನ ಮಸಿಯಲ್ಲಿ ಸಾಮಾನ್ಯವಾಗಿ ಸೀಸವಿರುತ್ತದೆ. ಕೆಲಸದ ಮೇಜಿನ ಬಳಿ ತಿಂಡಿ ಬೇಡ, ಮುಗಿದೊಡನೆ ಸೋಪು ಹಚ್ಚಿ ಕೈ ತೊಳೆಯಿರಿ.

ಮೊದಲ ಬಾರಿಗೆ ಕೆಲವನ್ನಷ್ಟೇ ತಯಾರಿಸಿ, ಹಾರಿಸಿ ನೋಡಿ, ಕೇಸುಗಳನ್ನು ಮತ್ತೆ ಪರೀಕ್ಷಿಸಿ. ಪ್ರತಿ ಪೆಟ್ಟಿಗೆಯ ಮೇಲೂ ಮದ್ದಿನ ಹೆಸರು, ತೂಕ, ಗುಂಡು, ಪ್ರೈಮರ್ ಮತ್ತು ದಿನಾಂಕವನ್ನು ಬರೆದಿಡಿ. ಚೀಟಿ ಕಳಚಿಹೋದ ಪೆಟ್ಟಿಗೆಯ ತೋಟೆಗಳನ್ನು ಹಾರಿಸಬೇಡಿ. ಗುಂಡು ಕೀಳುವ ಸಲಕರಣೆಯಿಂದ ಬಿಚ್ಚಿ, ಕೇಸನ್ನೂ ಗುಂಡನ್ನೂ ಉಳಿಸಿಕೊಂಡು, ಆ ಮದ್ದನ್ನು ಮಾತ್ರ ಮತ್ತೆ ಡಬ್ಬಿಗೆ ಸುರಿಯದೆ ವಿಲೇವಾರಿ ಮಾಡಿಬಿಡಿ.